ಟಾನಿಕ್‌ಗೆ ಮೊದಲು ಆಟ

ಮೂರು ನಾಲ್ಕು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ದವಾಖಾನೆಗೆ ಬರುವ ತಾಯಂದಿರ ದೂರು ಹೆಚ್ಚಾಗಿ ಒಂದೇ ಬಗೆಯದು. ಮಗು ಊಟ ಮಾಡುವುದಿಲ್ಲ. ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂಡುತ್ತದೆ. ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. ಮಲಬದ್ಧತೆ ಇದೆ, ಸಣ್ಣ ಮಾತಿಗೂ ಹಟ ಮಾಡುತ್ತದೆ. ಇಷ್ಟು ಹೇಳಿ ಕೊನೆಗೆ, “ಹಕೀಂ ಸಾಬ್, ಹಸಿವು ಆಗೋದು ಒಂದು ಟಾನಿಕ್ ಬರ್ದು ಕೊಡ್ರಿ” ಎನ್ನುತ್ತಾರೆ. ಗುಂಡಗುರ್ತಿಯಂಥ ಹಳ್ಳಿಯಲ್ಲೂ ಇದೇ ಮಾತು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನಂಥ ಊರುಗಳಲ್ಲೂ ಇದೇ ಮಾತು.

ಮಗುವನ್ನು ಪರೀಕ್ಷಿಸಿ, ತೂಕ ನೋಡಿ, ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ನಿನ್ನೆ ಈ ಮಗು ಮನೆಯ ಹೊರಗೆ ಎಷ್ಟು ಹೊತ್ತು ಆಡಿತು? ಬಹಳ ತಾಯಂದಿರು ಸುಮ್ಮನಾಗುತ್ತಾರೆ. ಕೆಲವರು, “ಹೊರಗ ಬಿಡಂಗಿಲ್ರಿ, ಲಾರಿ ಬರ್ತಾವ” ಎನ್ನುತ್ತಾರೆ. ಹಾಗಾದರೆ ಇಡೀ ದಿನ ಏನು ಮಾಡುತ್ತದೆ ಎಂದರೆ, ತಾಯಿಯ ಕೈಯಲ್ಲಿರುವ ಮೊಬೈಲನ್ನು ಮಗುವೇ ಎಳೆದುಕೊಂಡು ಉತ್ತರ ಕೊಡುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಬೇಕಾಗಿರುವುದು ಸೀಸೆಯ ಔಷಧಿಯಲ್ಲ, ದಿನಕ್ಕೆ ಒಂದು ಗಂಟೆ ದೊಡ್ಡವರೊಬ್ಬರ ಜೊತೆ ಬಯಲಿನ ಆಟ. ತಾಯಂದಿರ ಹೆದರಿಕೆ ಸುಳ್ಳಲ್ಲ. ಆದರೆ ಆ ಹೆದರಿಕೆಗೆ ಬಾಗಿಲು ಹಾಕಿ ಕೂಡಿಸುವುದು ಪರಿಹಾರವಲ್ಲ.

ಯುನಾನಿ ತಿಬ್ ಏನು ಹೇಳುತ್ತದೆ?

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿ ವೈದ್ಯರು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಕರೆದಿದ್ದಾರೆ. ಗಾಳಿ, ಅನ್ನ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಉಳಿದು, ಹೋಗಬೇಕಾದ್ದು ಹೋಗುವುದು. ಈ ಆರನ್ನು ಮಗುವಿನ ಆಟದ ಪಕ್ಕದಲ್ಲಿ ಇಟ್ಟು ನೋಡಿ. ಬಯಲಲ್ಲಿ ಆಡುವ ಮಗುವಿಗೆ ಒಳ್ಳೆಯ ಗಾಳಿ ಸಿಗುತ್ತದೆ. ಓಡಿದ ಮೇಲೆ ಹಸಿವಾಗುತ್ತದೆ. ಕೈಕಾಲು ದಣಿದು ರಾತ್ರಿ ನಿದ್ದೆ ಬರುತ್ತದೆ. ಬೆಳಿಗ್ಗೆ ಹೊಟ್ಟೆ ಸಲೀಸಾಗುತ್ತದೆ. ಮನಸ್ಸು ಹಗುರಾಗುತ್ತದೆ. ಒಂದೇ ಆಟ ಆರಕ್ಕೂ ಕೆಲಸ ಮಾಡುತ್ತದೆ. ಮಗುವನ್ನು ಕೂಡಿಸಿಟ್ಟರೆ ಆರೂ ಕೆಡುತ್ತವೆ. ತಾಯಂದಿರು ಹೇಳುವ ದೂರುಗಳೂ ಸರಿಯಾಗಿ ಇವೇ ಅಲ್ಲವೇ?

ಶೇಖ್ ಬೂ ಅಲಿ ಸೀನಾ (980-1037) ತಮ್ಮ ‘ಅಲ್-ಕಾನೂನ್ ಫಿತ್ತಿಬ್’ ಗ್ರಂಥದಲ್ಲಿ ಮಕ್ಕಳ ಪಾಲನೆಗೆಂದೇ ಒಂದು ಭಾಗ ಬರೆದಿದ್ದಾರೆ. ಎಳೆಗೂಸಿನ ಮಿಜಾಜ್ ಗಟ್ಟಿಯಾಗಲು ಎರಡು ಬೇಕು ಎನ್ನುತ್ತಾರೆ: ಮೆಲ್ಲಗೆ ತೂಗುವುದು ಮತ್ತು ಲಾಲಿ ಹಾಡುವುದು. ಒಂದು ದೇಹಕ್ಕೆ, ಇನ್ನೊಂದು ಮನಸ್ಸಿಗೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಅದರ ದಿನಚರಿ ಹೇಗಿರಬೇಕೆಂದೂ ಹೇಳಿದ್ದಾರೆ. ಬೆಳಿಗ್ಗೆ ಎದ್ದ ಮೇಲೆ ಸ್ನಾನ, ಆಮೇಲೆ ಒಂದು ಗಂಟೆ ಆಟ, ನಂತರ ತುಸು ತಿಂಡಿ, ಮತ್ತೆ ಇನ್ನೂ ಹೆಚ್ಚು ಹೊತ್ತು ಆಟ, ಮತ್ತೆ ಸ್ನಾನ, ಆಮೇಲೆ ಊಟ. ಆಟ ಮೊದಲು, ಊಟ ನಂತರ ಎಂಬ ಈ ಕ್ರಮವನ್ನು ಗಮನಿಸಿ. ನಾವು ಇದನ್ನು ತಿರುಗಿಸಿದ್ದೇವೆ. ಆಡದ ಮಗುವಿಗೆ ಊಟ ತುರುಕುತ್ತೇವೆ, ಅದು ಬೇಡವೆಂದರೆ ಔಷಧಿ ಹುಡುಕುತ್ತೇವೆ.

ಆರು ವರ್ಷವಾದಾಗ ಉಸ್ತಾದರ ಬಳಿ ಕಳಿಸಬೇಕು, ಅದೂ ಕ್ರಮೇಣ, ಒಮ್ಮೆಲೇ ಪುಸ್ತಕಕ್ಕೆ ಕಟ್ಟಿಹಾಕಬಾರದು ಎಂಬುದೂ ಅವರ ಸಲಹೆಯೇ. ಇಮಾಂ ಗಝ್ಝಾಲಿಯವರೂ ‘ಇಹ್ಯಾ’ದಲ್ಲಿ, ಮಕ್ತಬ್‌ನಿಂದ ಬಂದ ಮಗುವಿಗೆ ಒಳ್ಳೆಯ ಆಟಕ್ಕೆ ಬಿಡಬೇಕು, ಆಟ ತಪ್ಪಿಸಿ ಸದಾ ಓದಿಗೆ ಕೂಡಿಸಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದಾರೆ. ಮೂರು ವರ್ಷಕ್ಕೇ ಎಲ್‌ಕೆಜಿ ಬ್ಯಾಗು ಹೊರಿಸಿ, ಸಂಜೆ ಟ್ಯೂಷನ್‌ಗೂ ಕಳಿಸುವ ಪಾಲಕರು ಈ ಇಬ್ಬರು ಹಿರಿಯರ ಮಾತನ್ನು ಯೋಚಿಸಬೇಕು.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ, ಚಟುವಟಿಕೆಯಲ್ಲಿರಬೇಕು. ಮೂರು ನಾಲ್ಕು ವರ್ಷದವರಿಗೆ ಇದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಜೋರಾದ ಆಟ ಇರಬೇಕು. ಮಗುವನ್ನು ಒಂದೇ ಕಡೆ ಒಂದು ಗಂಟೆಗಿಂತ ಹೆಚ್ಚು ಕಾಲ ಕಟ್ಟಿಹಾಕಿದಂತೆ ಕೂಡಿಸಬಾರದು. ಎರಡು ವರ್ಷದೊಳಗೆ ಮೊಬೈಲ್, ಟಿವಿ ಬೇಡವೇ ಬೇಡ. ಅದರ ಮೇಲೆ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಸಂಘವೂ ಹೇಳಿದೆ.

ಕಣ್ಣಿನ ವಿಷಯವನ್ನೂ ನೋಡಿ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಾಂಗಣದಲ್ಲಿ ಕಳೆಯುವಂತೆ ಮಾಡಿದರು. ಮೂರು ವರ್ಷದ ನಂತರ ಹಾಗೆ ಹೊರಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ, ಬಿಡದವರಲ್ಲಿ ಸುಮಾರು 40 ಮಂದಿಗೆ ಸಮೀಪದೃಷ್ಟಿ ದೋಷ ಬಂದಿತ್ತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಇನ್ನು ಮೂಳೆಗೆ ಬೇಕಾದ ವಿಟಮಿನ್ ಡಿ ನಮ್ಮ ಚರ್ಮದಲ್ಲೇ ತಯಾರಾಗುತ್ತದೆ, ಅದಕ್ಕೆ ಬಿಸಿಲು ಮೈಮೇಲೆ ಬೀಳಬೇಕು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಕಲಬುರಗಿ ಸೀಮೆಯಲ್ಲೂ ಬಿಸಿಲನ್ನೇ ಕಾಣದ ಮಕ್ಕಳಿದ್ದಾರೆ.

ಯಾವ ವಯಸ್ಸಿಗೆ ಯಾವ ಆಟ?

ಇದಕ್ಕೆ ದುಡ್ಡು ಬೇಕಿಲ್ಲ. ಮನೆಯಲ್ಲಿರುವುದೇ ಸಾಕು.

ಒಂದು ವರ್ಷದೊಳಗಿನ ಕೂಸಿಗೆ ಎಣ್ಣೆ ಹಚ್ಚಿ ಮೈ ತಿಕ್ಕುವುದೇ ಮೊದಲ ವ್ಯಾಯಾಮ. ಯುನಾನಿಯಲ್ಲಿ ಇದಕ್ಕೆ ‘ದಲ್ಕ್’ ಎನ್ನುತ್ತಾರೆ. ಕಿವಿ, ಮೂಗಿಗೆ ಮಾತ್ರ ಎಣ್ಣೆ ಬಿಡಬೇಡಿ. ಎಚ್ಚರವಿರುವಾಗ ಚಾಪೆಯ ಮೇಲೆ ಬೋರಲಾಗಿ ಮಲಗಿಸಿ ಎದುರಿಗೆ ಕುಳಿತು ಮಾತಾಡಿ. ದಿನಕ್ಕೆ ಎಲ್ಲಾ ಸೇರಿ ಅರ್ಧ ಗಂಟೆ ಹೀಗೆ ಮಾಡಿದರೆ ಕುತ್ತಿಗೆ, ಭುಜ ಗಟ್ಟಿಯಾಗುತ್ತವೆ. ಚಕ್ರದ ವಾಕರ್ ಕೊಳ್ಳಬೇಡಿ. ಅದರಿಂದ ಮಗು ಬೇಗ ನಡೆಯುವುದಿಲ್ಲ. ಮೆಟ್ಟಿಲಿಂದ ಉರುಳುವ, ಒಲೆಯ ಹತ್ತಿರ ಹೋಗುವ ಅಪಾಯವೇ ಹೆಚ್ಚು. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಒಂದರಿಂದ ಮೂರು ವರ್ಷದ ಮಗುವಿಗೆ ಖಾಲಿ ಡಬ್ಬಿ, ಮುಚ್ಚಳ, ಸ್ಟೀಲ್ ಲೋಟ ಕೊಡಿ. ತುಂಬುವುದು, ಸುರಿಯುವುದು, ಬಡಿದು ಸದ್ದು ಮಾಡುವುದು ಅದಕ್ಕೆ ದೊಡ್ಡ ಆಟ. ರೊಟ್ಟಿ ಬಡಿಯುವಾಗ ಒಂದು ಉಂಡೆ ಜೋಳದ ಹಿಟ್ಟು ಕೊಟ್ಟು ಒಲೆಯಿಂದ ದೂರ ಕೂಡಿಸಿ. ಅದು ತಟ್ಟಿದ ರೊಟ್ಟಿ ವಕ್ರವಾಗಿರುತ್ತದೆ, ಆದರೆ ಅದರ ಬೆರಳುಗಳು ಮುಂದೆ ಪೆನ್ಸಿಲ್ ಹಿಡಿಯಲು ಅಲ್ಲೇ ತಯಾರಾಗುತ್ತವೆ. ಈ ವಯಸ್ಸಿನವರ ಕೈಗೆ ತೊಗರಿ, ಕಡಲೆ, ಹುಣಸೆಬೀಜ, ಗೋಲಿ ಕೊಡಬೇಡಿ. ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಗಂಟಲಲ್ಲಿ ಸಿಕ್ಕರೆ ಜೀವಕ್ಕೇ ಅಪಾಯ.

ಮೂರು ದಾಟಿದವರಿಗೆ ನಮ್ಮ ಅಂಗಳಗಳೇ ಮೈದಾನ. ಶಹಾಬಾದ್ ಪರಸಿ ಹಾಸಿದ ಅಂಗಳದಲ್ಲಿ ಚೌಕಗಳು ಸಿದ್ಧವಾಗೇ ಇರುತ್ತವೆ, ಕುಂಟಾಟಕ್ಕೆ ಗೆರೆ ಎಳೆಯುವ ಕೆಲಸವೂ ಇಲ್ಲ. ಕಣ್ಣಾಮುಚ್ಚಾಲೆ, ಹಳೆಯ ಟೈರಿನ ಗಾಲಿ ಓಡಿಸುವುದು, ಬಟ್ಟೆಯ ಚೆಂಡಿನಿಂದ ಲಗೋರಿ, ಬೇವಿನ ಕೊಂಬೆಗೆ ಕಟ್ಟಿದ ಜೋಕಾಲಿ, ಮಳೆಗಾಲದಲ್ಲಿ ಕರಿಮಣ್ಣಿನ ಎತ್ತು, ಒಲೆ, ಗಡಿಗೆ. ದಾದಿ, ನಾನಿಯರಿಗೆ ಇವೆಲ್ಲ ಗೊತ್ತು. ಅವರನ್ನು ಕೇಳಿ, ಅವರನ್ನೇ ಆಟಕ್ಕೆ ಕೂಡಿಸಿ. ಮಂಡಿನೋವಿನ ದಾದಿ ಓಡಲಾರರು, ಆದರೆ ಹೊಸ್ತಿಲಲ್ಲಿ ಕುಳಿತು ಹತ್ತರವರೆಗೆ ಎಣಿಸಬಲ್ಲರು.

ಊಟದ ಹೊತ್ತಿಗೆ ಮೊಬೈಲ್ ಬಿಡಿಸುವುದು ಕಷ್ಟ ಎನ್ನುವವರಿಗೆ ಒಂದು ಮಾತು. ಮೊದಲ ಕೆಲವು ದಿನ ಮಗು ಅಳುತ್ತದೆ, ಅಳಲಿ. ಸಂಜೆ ಚೆನ್ನಾಗಿ ಓಡಾಡಿಸಿ ಬಂದು, ಕೈಕಾಲು ತೊಳೆಸಿ, ಎಲ್ಲರ ಜೊತೆ ದಸ್ತರಖಾನ್ ಮೇಲೆ ಕೂಡಿಸಿ. ದೊಡ್ಡವರ ಮೊಬೈಲೂ ಆಗ ಬೇರೆ ಕೋಣೆಯಲ್ಲಿರಲಿ. ಹಸಿದ ಮಗು ತಾನಾಗಿಯೇ ರೊಟ್ಟಿ ಮುರಿಯುತ್ತದೆ.

ಖರ್ಚಿಲ್ಲದ ತಿರುಗಾಟ

ತಿರುಗಾಟವೆಂದರೆ ಹೈದರಾಬಾದಿನ ಝೂ ಪಾರ್ಕ್ ಅಥವಾ ಮಾಲ್ ಎಂದುಕೊಳ್ಳಬೇಡಿ. ಚಿಕ್ಕ ಮಗುವಿಗೆ ಹೊಸ ಜಾಗ, ನಡೆಯಲು ನೆಲ, ಪ್ರಶ್ನೆಗೆ ಉತ್ತರ ಕೊಡುವ ಒಬ್ಬ ಹಿರಿಯರು ಇದ್ದರೆ ಸಾಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಆರು ವರ್ಷದೊಳಗಿನ ಮಕ್ಕಳಿಗೂ ಇಲ್ಲ. ಅಂದರೆ ತಾಯಿ ಮತ್ತು ಮಗು ಆಧಾರ್ ಕಾರ್ಡೊಂದನ್ನು, ರೊಟ್ಟಿ ಬುತ್ತಿಯನ್ನು ಹಿಡಿದು ಮಳಖೇಡಕ್ಕೆ ಹೋಗಿ ಬರಬಹುದು. ಕಾಗಿಣಾ ದಂಡೆಯ ಆ ಕೋಟೆ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಹೆಸರು ನಾಲ್ಕು ವರ್ಷದ ಮಗುವಿಗೆ ತಿಳಿಯದು, ಅದಕ್ಕೆ ಹತ್ತುವ ಮೆಟ್ಟಿಲು, ಕೂಗಿದರೆ ಮರುಕೂಗುವ ಗೋಡೆ ಮುಖ್ಯ. ಕಥೆ ಮುಂದೆ ಶಾಲೆಯಲ್ಲಿ ಬಂದಾಗ ‘ನಾನು ಅಲ್ಲಿಗೆ ಹೋಗಿದ್ದೆ’ ಎನ್ನುತ್ತದೆ. ಕಲಬುರಗಿಗೆ ಹೇಗೂ ಆಸ್ಪತ್ರೆಗೋ ಮದುವೆಯ ಬಟ್ಟೆಗೋ ಹೋಗುತ್ತೀರಿ. ಹಾಗೆ ಹೋದಾಗ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಾ ಮಸೀದಿಯ ಕಮಾನುಗಳನ್ನು ಎಣಿಸಲು ಮಗುವಿಗೆ ಹೇಳಿ.

ರೈಲೂ ನಮ್ಮ ಬಾಗಿಲಲ್ಲೇ ಇದೆ. ವಾಡಿ ದೊಡ್ಡ ಜಂಕ್ಷನ್. ಅಲ್ಲಿಂದ ಸಿಕಂದರಾಬಾದ್ ಕಡೆಯ ದಾರಿಯಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳಿವೆ. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ. ಒಂದೆರಡು ನಿಲ್ದಾಣ ಹೋಗಿ ಬಂದರೆ ಮಗುವಿಗೆ ಒಂದು ವಾರ ಮಾತಾಡಲು ವಿಷಯ ಸಿಗುತ್ತದೆ. ಪ್ಲಾಟ್‌ಫಾರ್ಮ್‌ನಲ್ಲಿ ಕೈ ಮಾತ್ರ ಬಿಡಬೇಡಿ.

ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ನಾಲ್ಕು ಮನೆಯವರು ಕೂಡಿ ಚಿಂಚೋಳಿಯ ಚಂದ್ರಂಪಳ್ಳಿ ಕಡೆ ಹೋಗಬಹುದು. 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮ ಅದು. ಬರೀ ಹೊಲ ಮತ್ತು ಕಲ್ಲು ನೋಡಿದ ಮಕ್ಕಳಿಗೆ ಕಾಡು ಕಾಣಿಸುತ್ತದೆ. ಇನ್ನು ಎಳ್ಳ ಅಮಾವಾಸ್ಯೆಗೆ ನೆರೆಯ ರೈತರು ಹೊಲಕ್ಕೆ ಊಟಕ್ಕೆ ಕರೆಯುವುದು ನಮ್ಮ ಸೀಮೆಯ ಹಳೆಯ ರೂಢಿ. ಕರೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ನಾವು ದಿನಾ ತಿನ್ನುವ ತೊಗರಿ ಗಿಡದಲ್ಲಿ ಹೇಗಿರುತ್ತದೆ ಎಂದು ತೋರಿಸಿ. ನೆರೆಯವರ ಜೊತೆ ಕೂತು ಉಣ್ಣುವುದನ್ನೂ ಮಗು ಅಲ್ಲೇ ಕಲಿಯುತ್ತದೆ.

ಹೆದರಿಕೆಗೆ ಉತ್ತರ ಎಚ್ಚರ

ನಮ್ಮ ಭಾಗದಲ್ಲಿ ಅಪಾಯಗಳು ನಿಜವಾಗಿಯೂ ಇವೆ. ಸಿಮೆಂಟ್ ಲಾರಿಗಳು, ಮಳೆನೀರು ತುಂಬಿದ ಹಳೆಯ ಕಲ್ಲುಗಣಿಗಳು, ಕಾಗಿಣಾ ಹೊಳೆ, ಬಾಯಿ ತೆರೆದ ಕೊಳವೆಬಾವಿಗಳು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ, ಎರಡು ವರ್ಷವೂ ತುಂಬದ ಮಗುವನ್ನು ಸುಮಾರು 20 ಗಂಟೆ ಶ್ರಮಪಟ್ಟು ಜೀವಂತ ಹೊರತೆಗೆದರು. ಎಲ್ಲ ಮಕ್ಕಳಿಗೂ ಆ ಭಾಗ್ಯ ಸಿಕ್ಕಿಲ್ಲ. ಆದ್ದರಿಂದ ಕೆಲವು ನಿಯಮಗಳನ್ನು ಬಿಡದೆ ಪಾಲಿಸಿ.

ಆರು ವರ್ಷದೊಳಗಿನ ಮಗು ಹೊರಗೆ ಆಡುವಾಗ ಕಣ್ಣಳತೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಎಂಟು ವರ್ಷದ ಅಕ್ಕನ ಮೇಲೆ ಆ ಭಾರ ಹಾಕಬೇಡಿ. ಗಣಿಯ ಅಂಚು ನೇರವಾಗಿ ಕತ್ತರಿಸಿದಂತಿರುತ್ತದೆ, ಒಳಗೆ ಬಿದ್ದರೆ ಹಿಡಿಯಲು ಆಸರೆ ಇರುವುದಿಲ್ಲ. ಅಲ್ಲಿಗೆ ದೊಡ್ಡವರ ಜೊತೆಯೂ ಬೇಡ. ಕಲ್ಲು ಪಾಲಿಷ್ ಮಾಡುವ ಕಡೆ ಬಿದ್ದಿರುವ ಪುಡಿ, ಸುಣ್ಣದ ರಾಶಿ ಆಟದ ಮರಳಲ್ಲ. ಪುಡಿ ಎದೆಗೆ ಕೆಟ್ಟದ್ದು, ಸುಣ್ಣ ಕಣ್ಣನ್ನೇ ಸುಡುತ್ತದೆ. ಮನೆಯ ನೀರಿನ ಸಂಪಿಗೆ ಮುಚ್ಚಳ ಹಾಕಿ, ತುಂಬಿದ ಬಕೆಟ್ ಹತ್ತಿರ ಎಳೆಮಗುವನ್ನು ಬಿಡಬೇಡಿ.

ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಬಿಸಿಲು ಇಳಿದ ಮೇಲೆ ಮಾತ್ರ ಹೊರಗೆ. ತಲೆಗೆ ಟೋಪಿ, ಕುಡಿಯಲು ನೀರು ಅಥವಾ ಮಜ್ಜಿಗೆ ಇರಲಿ. ಮಗ್ರಿಬ್‌ಗೆ ಮೊದಲು ಮನೆ ಸೇರಿ. ಕತ್ತಲು ಕವಿಯುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂಬ ಪ್ರವಾದಿ(ಸ)ರ ಬೋಧನೆ ನಮಗೆ ಗೊತ್ತೇ ಇದೆ. ಸೊಳ್ಳೆ ಮುತ್ತುವ ಹೊತ್ತೂ ಅದೇ.

ಮಣ್ಣಲ್ಲಿ ಆಡಿದರೆ ಜಂತು ಆಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಜಂತು ಬರುವುದು ಮಲ ಸೇರಿದ ಮಣ್ಣಿನಿಂದ. ಬಯಲು ಶೌಚದ ಜಾಗ, ಚರಂಡಿ ಪಕ್ಕ ಬೇಡ. ಕಾಲಿಗೆ ಚಪ್ಪಲಿ ಇರಲಿ, ವಾರಕ್ಕೊಮ್ಮೆ ಉಗುರು ಕತ್ತರಿಸಿ, ಆಟದ ನಂತರ ಸೋಪು ಹಚ್ಚಿ ಇಪ್ಪತ್ತು ಎಣಿಸುವಷ್ಟು ಹೊತ್ತು ಕೈ ತಿಕ್ಕಿಸಿ. ಒಂದು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಮೆತ್ತದೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ.

ಆಟ ಎಲ್ಲದಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಮಗುವಿನ ತೂಕ ಇಳಿಯುತ್ತಿದ್ದರೆ, ಜ್ವರ ಕೆಮ್ಮು ವಾರಗಟ್ಟಲೆ ಇದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಮಾತಾಡದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಔಷಧಿಯನ್ನು ಈ ಲೇಖನ ಓದಿ ನಿಲ್ಲಿಸಬೇಡಿ.

ಹೆಣ್ಣುಮಕ್ಕಳ ಪಾಲು

ಒಂದು ಮಾತು ಕೆಲವರಿಗೆ ಹಿಡಿಸದಿರಬಹುದು, ಆದರೂ ಹೇಳಬೇಕು. ನಮ್ಮ ಮನೆಗಳಲ್ಲಿ ಗಂಡುಮಗು ಓಣಿಗೆ ಹೋದರೆ ಸುಮ್ಮನಿರುತ್ತೇವೆ, ಹೆಣ್ಣುಮಗುವಿಗೆ ಐದಾರು ವರ್ಷಕ್ಕೇ ‘ಓಡಬೇಡ, ಜಿಗಿಯಬೇಡ’ ಶುರುವಾಗುತ್ತದೆ. ಮೂಳೆ ಗಟ್ಟಿಯಾಗುವುದು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ. ಇಂದು ಬಿಸಿಲು, ಓಟ ಕಾಣದ ಹುಡುಗಿ ನಾಳೆ ತಾಯಿಯಾಗುವವಳು. ಹ. ಆಯಿಶಾ(ರ)ರು ಗೆಳತಿಯರ ಜೊತೆ ಗೊಂಬೆಯಾಟ ಆಡುತ್ತಿದ್ದುದನ್ನು, ಪ್ರವಾದಿ(ಸ)ರು ಅವರೊಡನೆ ಓಟದ ಪಂದ್ಯ ಓಡಿದ್ದನ್ನು ನಾವು ಜುಮಾ ಬಯಾನ್‌ಗಳಲ್ಲಿ ಕೇಳಿದ್ದೇವೆ. ಕೇಳಿದ್ದನ್ನು ಮನೆಯಲ್ಲಿ ಮಗಳಿಗೂ ಅನ್ವಯಿಸೋಣ.

ತಂದೆಯಂದಿರೂ ಇದು ಹೆಂಗಸರ ಕೆಲಸ ಎಂದು ಜಾರಿಕೊಳ್ಳಬಾರದು. ಹ. ಅನಸ್(ರ) ಬಾಲಕನಾಗಿದ್ದಾಗ ಪ್ರವಾದಿ(ಸ)ರು ಕೆಲಸಕ್ಕೆ ಕಳಿಸಿದ್ದರು. ಅವರು ದಾರಿಯಲ್ಲಿ ಆಡುವ ಹುಡುಗರ ಬಳಿ ನಿಂತುಬಿಟ್ಟರು. ಪ್ರವಾದಿ(ಸ)ರು ಹಿಂದಿನಿಂದ ಬಂದು ಕತ್ತು ಹಿಡಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಗು ಇತ್ತು. ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ, ಆಟೋ ಓಡಿಸಿ, ಗಣಿಯಲ್ಲಿ ದುಡಿದು ದಣಿದು ಬರುವ ತಂದೆಗೆ ದಿನಾ ಆಗದಿದ್ದರೆ ವಾರದ ರಜೆಯ ದಿನವಾದರೂ ಆ ಒಂದು ಗಂಟೆ ಆಗಲಿ.

ಜಮಾಅತ್‌ಗೆ ಒಂದು ಕೋರಿಕೆ

ಇಕ್ಕಟ್ಟಾದ ಓಣಿಯಲ್ಲಿ, ಅಂಗಳವಿಲ್ಲದ ಬಾಡಿಗೆ ಮನೆಯಲ್ಲಿ ಇರುವವರು ಎಲ್ಲಿಗೆ ಹೋಗಬೇಕು? ಇದು ಒಂದು ಮನೆಯಿಂದ ಬಗೆಹರಿಯುವ ಸಮಸ್ಯೆಯಲ್ಲ. ನಮ್ಮ ಊರುಗಳಲ್ಲಿ ಉರ್ದು ಶಾಲೆಗಳಿವೆ, ಅವುಗಳ ಮೈದಾನಕ್ಕೆ ಸಂಜೆ ಬೀಗ ಬೀಳುತ್ತದೆ. ಮದುವೆ ಇಲ್ಲದ ದಿನ ಶಾದಿ ಮಹಲ್‌ಗಳ ಅಂಗಳ ಖಾಲಿ ಇರುತ್ತದೆ. ಈದ್‌ಗಾಹ್ ವರ್ಷಕ್ಕೆ ಎರಡು ಸಲ ತುಂಬುತ್ತದೆ. ಅದರ ಅದಬ್‌ಗೆ ಧಕ್ಕೆಯಾಗದಂತೆ ಹೊರಗಿನ ಅಂಚಿನ ಜಾಗ ಚಿಕ್ಕ ಮಕ್ಕಳಿಗೆ ಕೊಡಬಹುದೇ ಎಂಬುದನ್ನು ಉಲಮಾಗಳು, ಕಮಿಟಿಯ ಹಿರಿಯರು ತೀರ್ಮಾನಿಸಲಿ. ಅದು ಹಕೀಮನ ಕೆಲಸವಲ್ಲ. ಕಷ್ಟವೆನಿಸಿದರೆ ಶಾಲೆಯ ಎಸ್‌ಡಿಎಂಸಿಯವರನ್ನು ಕೇಳಿ ಮೈದಾನದ ಗೇಟು ಅಸರ್‌ನಿಂದ ಮಗ್ರಿಬ್‌ವರೆಗೆ ತೆರೆಸಿ.

ಬೇಕಾದದ್ದು ಇಷ್ಟೇ: ಗಾಜಿನ ಚೂರು, ಮುಳ್ಳು ತೆಗೆದ ನೆಲ, ಎರಡು ಜೋಕಾಲಿ, ಒಂದು ಕೊಡ ಕುಡಿಯುವ ನೀರು, ಕೈ ತೊಳೆಯಲು ಸೋಪು, ಸರದಿಯಂತೆ ಕಾಯುವ ಇಬ್ಬರು ತಾಯಂದಿರು ಅಥವಾ ಹಿರಿಯರು. ಓಣಿಯ ಮನೆಯವರು ಮಾತಾಡಿಕೊಂಡರೆ ಈ ಸರದಿಯನ್ನು ಹಂಚಿಕೊಳ್ಳಬಹುದು. ಎಲ್ಲ ಜಾತಿ ಧರ್ಮದ ಮಕ್ಕಳೂ ಬರಲಿ. ಮುಂದಿನ ಜುಮಾ ನಂತರ ಕಮಿಟಿಯವರ ಮುಂದೆ ಈ ಮಾತನ್ನು ಯಾರಾದರೊಬ್ಬರು ಎತ್ತಿ. ಅವರ ಉತ್ತರ ಬರುವ ತನಕ ಕಾಯದೆ, ಇವತ್ತು ಅಸರ್ ಆದ ಮೇಲೆ ನಿಮ್ಮ ಮಗುವಿನ ಕೈ ಹಿಡಿದು ಹೊರಗೆ ಬನ್ನಿ.